ಕಲ್ಲಿನ ತಲೆ ಯಾವ ಕಡೆ? ರಾಣೆಬೆನ್ನೂರಿನಿಂದ ಗಜೇಂದ್ರಗಡದವರೆಗೆ ಮೂರು ದಿನ

ಶನಿವಾರ

ಬೆಳಿಗ್ಗೆ ಆರಕ್ಕೆ ಧಾರವಾಡ ಬಿಟ್ಟೆವು. ಪಕ್ಕದ ಸೀಟಿನಲ್ಲಿ ಕಾಕಾ, ಡ್ರೈವಿಂಗ್ ನನ್ನದು. ಹುಬ್ಬಳ್ಳಿಯಲ್ಲಿ ಅಣ್ಣನ ಮಗಳನ್ನು ಹತ್ತಿಸಿಕೊಂಡೆವು. ಅವಳು ಈಗ ಒಂಬತ್ತನೇ ಕ್ಲಾಸ್. ಶಾಲೆಯ ಕಂಪಾಸ್ ಪೆಟ್ಟಿಗೆ ತರಲೇಬೇಕು ಅಂತ ಕಾಕಾ ಮೊದಲೇ ತಾಕೀತು ಮಾಡಿದ್ದರು. ಯಾಕೆ ಅಂತ ಹೇಳಿರಲಿಲ್ಲ.

ಕಾಕಾ ಅಂತರ್ಜಲದ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಎಲ್ಲಿ ಬೋರ್ ಹಾಕಿದರೆ ನೀರು ಬೀಳುತ್ತದೆ ಅಂತ ಹಳ್ಳಿ ಹಳ್ಳಿ ತಿರುಗಿ ನೋಡಿದವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಿಲೆಗಳ ಪಾಠ ಬಂದಾಗ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಬೋರ್ಡ್ ಮೇಲೆ ಬರೆದು, ಒಂದೊಂದಕ್ಕೆ ಎರಡು ಉದಾಹರಣೆ ಕೊಟ್ಟು ಮುಗಿಸುತ್ತಿದ್ದೆ. ದೀಪಾವಳಿಗೆ ಮನೆಗೆ ಬಂದಾಗ ಕಾಕಾಗೆ ಇದು ಗೊತ್ತಾಯಿತು. "ಧಾರವಾಡದಾಗ ಕುಂತು ಕಲ್ಲಿನ ಪಾಠ ಬರೀ ಪುಸ್ತಕದಾಗ ಮಾಡ್ತೀಯೇನವಾ?" ಅಂದರು. ಆ ಮಾತು ನನಗೆ ನಾಟಿತು. ಫೆಬ್ರವರಿಯ ಎರಡನೇ ಶನಿವಾರ, ಭಾನುವಾರ, ಜೊತೆಗೆ ಸೋಮವಾರ ಒಂದು ರಜೆ ಹಾಕಿ ಹೊರಟಿದ್ದು ಅದಕ್ಕೇ.

ಅವರ ಬೇಸರಕ್ಕೂ ಕಾರಣ ಇದೆ. ಪ್ರಪಂಚದ ಯಾವ ಭೂವಿಜ್ಞಾನದ ಕಾಲೇಜಿಗೆ ಹೋದರೂ ನಮ್ಮೂರಿನ ಹೆಸರು ಗೊತ್ತು. 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಕಡೆಯ ಹಳೆಯ ಪದರುಗಳಿಗೆ 'ಧಾರವಾಡ' ಅಂತ ಹೆಸರಿಟ್ಟರು. ಇವತ್ತು ಕರ್ನಾಟಕದ ಬಹುಪಾಲು ನೆಲದ ಬುನಾದಿಗೇ 'ಧಾರವಾಡ ಕ್ರೇಟಾನ್' ಅನ್ನುತ್ತಾರೆ. ಕ್ರೇಟಾನ್ ಅಂದರೆ ಖಂಡದ ಗಟ್ಟಿ, ಹಳೆಯ ತಿರುಳು. ಅಲ್ಲೇ ಹುಟ್ಟಿ ಬೆಳೆದ ನನಗೆ ಧಾರವಾಡ ಅಂದರೆ ಪೇಢಾ, ಮಳೆ, ಸಂಗೀತ. ಕಲ್ಲು ಲೆಕ್ಕಕ್ಕೇ ಇರಲಿಲ್ಲ.

ಹಾವೇರಿ ದಾಟಿ ರಾಣೆಬೆನ್ನೂರು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಕಾಕಾ ಹಿಂದೆ ನೋಡಿಟ್ಟಿದ್ದ ಒಂದು ಜಾಗ ಇತ್ತು. ಅಲ್ಲಿ ಯಾರೋ ಕೆಡವಿದ ಮನೆಯ ಇಟ್ಟಿಗೆ, ಗಾರೆ ತಂದು ಸುರಿದಿದ್ದರು. ಒಂದು ಬಂಡೆಯೂ ಕಾಣುತ್ತಿರಲಿಲ್ಲ. ಕಾಕಾ ಸುಮ್ನೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಂದು ಹಳ್ಳದ ಗುಂಟ ಅರ್ಧ ಕಿಲೋಮೀಟರ್ ನಡೆಸಿಕೊಂಡು ಹೋದರು. ಮಳೆಗಾಲದ ನೀರು ದಂಡೆಯನ್ನು ಕೊರೆದು ಬಂಡೆ ಬಿಚ್ಚಿಟ್ಟಿತ್ತು.

ಹಸಿರು ಬೆರೆತ ಬೂದು ಬಣ್ಣದ ಕಲ್ಲು. ಮೊದಲ ನೋಟಕ್ಕೆ ಏನೂ ವಿಶೇಷ ಇಲ್ಲ. ಹತ್ತಿರ ಹೋದರೆ ಪಟ್ಟಿ ಪಟ್ಟಿ. ಒಂದು ಗೇಣು ದಪ್ಪದ ಒರಟು ಪಟ್ಟಿ, ಪಕ್ಕಕ್ಕೆ ನಾಲ್ಕು ಬೆರಳಿನಷ್ಟು ನುಣುಪಾದ ಕಪ್ಪು ಪಟ್ಟಿ, ಮತ್ತೆ ಒರಟು, ಮತ್ತೆ ಕಪ್ಪು. 'ಪಕ್ಕಕ್ಕೆ' ಅಂತ ಬೇಕಂತಲೇ ಬರೆದಿದ್ದೇನೆ. ಯಾಕಂದರೆ ಪದರುಗಳು ಒಂದರ ಮೇಲೊಂದು ಮಲಗಿರಲಿಲ್ಲ. ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳ ಹಾಗೆ ನಿಂತಿದ್ದವು.

ಕಂಪಾಸ್ ಪೆಟ್ಟಿಗೆ ಯಾಕೆ ಅಂತ ಈಗ ಗೊತ್ತಾಯಿತು. ಕೋನಮಾಪಕದ ನಡುವಿನ ತೂತಿಗೆ ಕಾಕಾ ಒಂದು ದಾರ ಕಟ್ಟಿದರು. ದಾರದ ತುದಿಗೆ ಒಂದು ನಟ್. ಕೋನಮಾಪಕವನ್ನು ತಲೆಕೆಳಗಾಗಿ ಹಿಡಿದು, ಅದರ ನೇರ ಅಂಚನ್ನು ಪದರಿನ ಇಳಿಜಾರಿಗೆ ಒತ್ತಿ ಇಡಬೇಕು. ದಾರ ನೇರ ಕೆಳಕ್ಕೆ ಜೋತು ಬೀಳುತ್ತದೆ. ಅದು 90ರಿಂದ ಎಷ್ಟು ಡಿಗ್ರಿ ಸರಿದಿದೆಯೋ ಅಷ್ಟು ಆ ಪದರಿನ ವಾಲು. ಹುಡುಗಿ ಮೂರು ಕಡೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಳು: 72, 70, 74.

"ಈಗ ಹೇಳ್ರಿ, ಈ ಕಲ್ಲಿನ ತಲಿ ಯಾ ಕಡೆ ಐತಿ?" ಅಂದರು ಕಾಕಾ.

ಪದರು ಮಲಗಿದ್ದರೆ ಪ್ರಶ್ನೆಯೇ ಇಲ್ಲ. ಕೆಳಗಿನದು ಹಳೆಯದು, ಮೇಲಿನದು ಹೊಸದು. 1669ರಲ್ಲೇ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೋ ಹೇಳಿದ ಮಾತು ಇದು. ಕೆಸರು, ಮರಳು ನೀರಿನಲ್ಲಿ ಅಡ್ಡಕ್ಕೇ ಕೂರುತ್ತವೆ, ವಾಲಿದ್ದರೆ ಆಮೇಲೆ ವಾಲಿದ್ದು ಅನ್ನುವುದೂ ಅವನದೇ. ಆದರೆ ನಿಂತ ಪದರಿಗೆ ಮೇಲು ಯಾವುದು? ಎಡಗಡೆಯೋ ಬಲಗಡೆಯೋ? ಭೂತಗನ್ನಡಿ ಹಿಡಿದು ನೋಡಿದೆ. ಒರಟು ಪಟ್ಟಿಯ ಎಡ ಅಂಚಿನಲ್ಲಿ ಸಾಸಿವೆಯಷ್ಟು ದಪ್ಪ ಕಾಳು. ಬಲಕ್ಕೆ ಹೋದಂತೆ ಕಾಳು ಸಣ್ಣ, ಇನ್ನೂ ಸಣ್ಣ, ಕೊನೆಗೆ ಕಾಳೇ ಕಾಣದ ಕಪ್ಪು. ಅದು ಮುಗಿದಲ್ಲಿ ಚಾಕುವಿನಿಂದ ಕೊಯ್ದಂತೆ ಒಂದು ಗೆರೆ. ಗೆರೆ ದಾಟಿದರೆ ಮತ್ತೆ ಸಾಸಿವೆ ಕಾಳು.

ಕೆಸರು ಮೊದಲು ಬಂದಿರಬೇಕು, ಮರಳು ಆಮೇಲೆ ಅಂತ ನಾನು ಯೋಚಿಸಿದೆ. "ತಲೆ ಎಡಕ್ಕಿದೆ" ಅಂದೆ. ಕಾಕಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಹೊಳಿಗೆ ಹೋಗೋಣ ನಡೀರಿ" ಅಂದರು.

ಚೌಡಯ್ಯದಾನಪುರದಲ್ಲಿ ತುಂಗಭದ್ರೆ ಅಗಲವಾಗಿ ಹರಿಯುತ್ತಾಳೆ. ದಂಡೆಯ ಮೇಲೆ ಮುಕ್ತೇಶ್ವರ ಗುಡಿ, ಪಕ್ಕದಲ್ಲಿ ಮರಳು, ಕೆಸರು. ಗುಡಿ ಮುಂದೆ ರೊಟ್ಟಿ ಗಂಟು ಬಿಚ್ಚಿ ಊಟ ಮಾಡಿದೆವು. ಆಮೇಲೆ ಕಾಕಾ ಖಾಲಿ ನೀರಿನ ಬಾಟಲಿಗೆ ಮೂರು ಹಿಡಿ ದಂಡೆಯ ಮಣ್ಣು, ಮರಳು ಹಾಕಿ, ನೀರು ತುಂಬಿ, ಜೋರಾಗಿ ಅಲ್ಲಾಡಿಸಿ ಮೆಟ್ಟಿಲ ಮೇಲೆ ಇಟ್ಟರು. ನಾವು ಬಗ್ಗಿ ನೋಡಿದೆವು. ದಪ್ಪ ಹರಳು ಉಸಿರು ಬಿಡುವಷ್ಟರಲ್ಲಿ ತಳ ಸೇರಿತು. ಅದರ ಮೇಲೆ ಸಣ್ಣ ಮರಳು, ಅದರ ಮೇಲೆ ಹಿಟ್ಟಿನಂಥ ಮಣ್ಣು. ಅರ್ಧ ಗಂಟೆಯಾದರೂ ಮೇಲಿನ ನೀರು ಚಹಾದ ಬಣ್ಣದಲ್ಲೇ ಇತ್ತು.

ನನ್ನ ಉತ್ತರ ತಪ್ಪು ಅಂತ ಯಾರೂ ಹೇಳಬೇಕಾಗಲಿಲ್ಲ. ದಪ್ಪ ಕಾಳು ಕಾಲು, ಸಣ್ಣ ಕಾಳು ತಲೆ. ಬೆಳಿಗ್ಗೆ ನೋಡಿದ ಕಲ್ಲಿನ ತಲೆ ಬಲಕ್ಕಿತ್ತು.

ಮುಂದಿನದನ್ನು ಕಾಕಾ ಹೊಳೆ ನೋಡುತ್ತ ಹೇಳಿದರು. ಅಷ್ಟೊಂದು ಸಲ, ಒಂದೇ ತರಹ, ಒರಟು-ನುಣುಪು, ಒರಟು-ನುಣುಪು ಅಂತ ಪದರು ಬೀಳಬೇಕಾದರೆ ಯಾರೋ ಬಾಟಲಿಯನ್ನು ಮತ್ತೆ ಮತ್ತೆ ಅಲ್ಲಾಡಿಸಿರಬೇಕು ಅಲ್ವಾ? ಸಮುದ್ರದಲ್ಲಿ ಆ ಕೆಲಸ ಆಗುವುದು ಹೀಗೆ. ದಡದ ಹತ್ತಿರ ರಾಶಿ ಬಿದ್ದ ಮರಳು-ಕೆಸರು ಭೂಕಂಪಕ್ಕೋ ತನ್ನ ಭಾರಕ್ಕೋ ಜಾರುತ್ತದೆ. ನೀರಿನ ಜೊತೆ ಕಲಸಿ ರಾಡಿಯ ಪ್ರವಾಹವಾಗಿ ಇಳಿಜಾರಿನಲ್ಲಿ ನುಗ್ಗಿ ಆಳದ ತಳದಲ್ಲಿ ಹರಡಿ ಕೂರುತ್ತದೆ. 1929ರಲ್ಲಿ ಕೆನಡಾದ ಪೂರ್ವ ಕರಾವಳಿಯ ಆಚೆ ಭೂಕಂಪ ಆದಾಗ ಸಮುದ್ರದ ತಳದ ತಂತಿ ಕೇಬಲ್‌ಗಳು ಒಂದರ ನಂತರ ಒಂದು ತುಂಡಾದವು. ದೂರ ದೂರದವು ತಡವಾಗಿ. ಕೆಸರಿನ ಪ್ರವಾಹ ಅವನ್ನು ಕಡಿಯುತ್ತ ಹೋಗಿತ್ತು ಅಂತ 1950ರ ದಶಕದಲ್ಲಿ ವಿಜ್ಞಾನಿಗಳು ವಿವರಿಸಿದರು. ನಮ್ಮ ಹಳ್ಳದ ಒಂದೊಂದು ಜೋಡಿ ಪದರು ಅಂಥ ಒಂದೊಂದು ಕುಸಿತ. ಗ್ರೇವ್ಯಾಕ್ ಅನ್ನುತ್ತಾರೆ ಈ ಕಲ್ಲಿಗೆ. ಭೂವಿಜ್ಞಾನಿಗಳ ನಕಾಶೆಯಲ್ಲಿ ಈ ಪದರುಗಳಿಗೆ ರಾಣೆಬೆನ್ನೂರಿನದೇ ಹೆಸರು. ವಯಸ್ಸು ಸುಮಾರು 260 ಕೋಟಿ ವರ್ಷ.

ಜೋಳ, ಮೆಕ್ಕೆಜೋಳ ಬೆಳೆಯುವ ಹಾವೇರಿ ಜಿಲ್ಲೆ ಆಳ ಸಮುದ್ರದ ತಳವಾಗಿತ್ತು. ಈ ಮಾತನ್ನು ನಾನು ಎಷ್ಟೋ ಸಲ ಓದಿರಬಹುದು. ನಂಬಿಕೆ ಬಂದಿದ್ದು ಆ ಬಾಟಲಿ ನೋಡಿದ ಮೇಲೆ.

ಹೊರಡುವ ಮುಂಚೆ ಹುಡುಗಿ ಮರಳಿನ ಮೇಲಿನ ಅಲೆ ಗುರುತುಗಳ ಫೋಟೋ ತೆಗೆದಳು. ನೀರು ಬರುವ ಕಡೆಗೆ ನಿಧಾನ ಇಳಿಜಾರು, ಹೋಗುವ ಕಡೆಗೆ ಕಡಿದಾದ ಇಳಿಜಾರು. "ಇದನ್ನ ಸೋಮವಾರದ ತನಕ ನೆನಪಿಡು" ಅಂದರು ಕಾಕಾ. ಬಾಟಲಿಯನ್ನು ಅವಳು ಬಿಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ಲಕ್ಷ್ಮೇಶ್ವರದ ಮೇಲೆ ಹಾದು ಗದಗ ಮುಟ್ಟಿದಾಗ ರಾತ್ರಿ ಒಂಬತ್ತು.

ಭಾನುವಾರ

ಗದಗದಲ್ಲಿ ಬೆಳಿಗ್ಗೆ ಗಿರ್ಮಿಟ್, ಮಿರ್ಚಿ ತಿಂದು ಕಪ್ಪತಗುಡ್ಡದ ದಾರಿ ಹಿಡಿದೆವು. 'ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು' ಅಂತ ಈ ಕಡೆ ಮಾತಿದೆ. ಫೆಬ್ರವರಿಯಲ್ಲಿ ಹುಲ್ಲೆಲ್ಲ ಒಣಗಿ ಹಳದಿ. ಸಾಲು ಸಾಲು ಗಾಳಿ ಗಿರಣಿ. 2019ರಿಂದ ಇದು ವನ್ಯಜೀವಿ ಧಾಮ. ಸುತ್ತಿಗೆಯನ್ನು ಕಾಕಾ ಕಾರಿನಲ್ಲೇ ಬಿಟ್ಟರು. ಕಲ್ಲು ಒಡೆಯುವುದಿಲ್ಲ, ಒಂದು ಚೂರೂ ಎತ್ತಿಕೊಂಡು ಬರುವುದಿಲ್ಲ, ನೋಡುವುದಷ್ಟೇ.

ಗುಡ್ಡದ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಓಡುತ್ತದೆ. ಅದೂ ಸುಮ್ನೆ ಅಲ್ಲ. ನಿನ್ನೆ ನೋಡಿದಂಥ ನಿಂತ ಪದರುಗಳೇ ಇಲ್ಲೂ ಇವೆ, ಅವು ಓಡುವ ದಿಕ್ಕಿನಲ್ಲೇ ಗುಡ್ಡವೂ ಓಡುತ್ತದೆ. ಮೆತ್ತಗಿನ ಪದರು ಸವೆದು ಕಣಿವೆಯಾಗಿದೆ, ಗಟ್ಟಿ ಪದರು ಉಳಿದು ಶಿಖರದ ಸಾಲಾಗಿದೆ.

ಆ ಗಟ್ಟಿ ಪದರು ಎಂಥದು ಅಂತ ಕಪ್ಪತ ಮಲ್ಲೇಶ್ವರ ಗುಡಿಯ ಮೇಲಿನ ಏರಿನಲ್ಲಿ ನೋಡಿದೆವು. ಕೆಂಪು ಒಂದು ಎಳೆ, ಕಬ್ಬಿಣದ ಬೂದು ಒಂದು ಎಳೆ, ಮತ್ತೆ ಕೆಂಪು. ಕೆಲವು ಎಳೆ ಬೆರಳಿನಷ್ಟು, ಕೆಲವು ದಾರದಷ್ಟು. ಇಳಕಲ್ ಸೀರೆಯ ದಡಿಯ ಹಾಗೆ. ಒಂದು ಬಂಡೆಯಲ್ಲಿ ಈ ಎಳೆಗಳೆಲ್ಲ ಒಟ್ಟಿಗೆ ಬಾಗಿ, ಮಡಚಿ, ವಾಪಸ್ ತಿರುಗಿದ್ದವು. ಹುಡುಗಿ ಜ್ಯಾಮಿತಿ ಪೆಟ್ಟಿಗೆಯಲ್ಲಿ ಇಟ್ಟಿದ್ದ ಸಣ್ಣ ಅಯಸ್ಕಾಂತವನ್ನು ಬೂದು ಎಳೆಗೆ ಹಿಡಿದಳು. ಕೈಯಲ್ಲಿ ಸಣ್ಣಗೆ ಸೆಳೆತ ಗೊತ್ತಾಯಿತು. ಕೆಂಪು ಎಳೆಗೆ ಹಿಡಿದರೆ ಏನೂ ಇಲ್ಲ. "ಅತ್ತಿ, ಎಳೀತೈತಿ!" ಅಂತ ಅವಳು ಕೂಗಿದ್ದು ಕೆಳಗಿನ ಗುಡಿಯವರಿಗೂ ಕೇಳಿಸಿರಬೇಕು.

ಈ ಕಬ್ಬಿಣದ ಕಥೆ ನನಗೆ ಇಡೀ ಪ್ರವಾಸದಲ್ಲೇ ಅತಿ ಹಿಡಿಸಿದ್ದು. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನಬೇಕು, ಅಷ್ಟು ಕಡಿಮೆ. ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿಯೇ ಇರುತ್ತದೆ. ಸಮುದ್ರದ ತುಂಬ ಕರಗಿದ ಕಬ್ಬಿಣ. ಅದು ತುಕ್ಕಾಗಿ ತಳಕ್ಕೆ ಬೀಳಬೇಕಾದರೆ ಏನಾದರೂ ಆಗಬೇಕು. ಬಿಸಿಲು ಕುಡಿದು ಬದುಕುವ ಅತಿ ಸಣ್ಣ ಜೀವಿಗಳು ಅದರಲ್ಲಿ ದೊಡ್ಡ ಪಾತ್ರ ವಹಿಸಿದವು ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ. ಕಬ್ಬಿಣ ಬಿದ್ದಾಗ ಒಂದು ಎಳೆ, ಸಿಲಿಕಾ ಬಿದ್ದಾಗ ಇನ್ನೊಂದು ಎಳೆ. ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಕಪ್ಪತಗುಡ್ಡದ ಎಳೆಗಳು ಅದಕ್ಕೂ ಮುಂಚಿನವು. ಅಂದರೆ ಉಸಿರಾಡುವ ಗಾಳಿ ಹುಟ್ಟುವ ಮೊದಲಿನ ಸಮುದ್ರದ ನೀರು ಎಂಥದು ಅಂತ ಹೇಳುವ ಸಾಕ್ಷಿ ಗದಗ ಜಿಲ್ಲೆಯ ಗುಡ್ಡದ ಮೇಲಿದೆ. ನಮ್ಮ ಮಕ್ಕಳಿಗೆ ಇದನ್ನು ತೋರಿಸದೆ ಬೇರೆ ಏನು ತೋರಿಸುವುದು?

ಇಲ್ಲಿನ ವಾಲು 65, 68. ಮಡಿಕೆ ಬಿದ್ದಲ್ಲಿ ಅಳೆಯಲು ಬರಲಿಲ್ಲ.

ಅಡ್ಡ ಮಲಗಿದ್ದ ಪದರು ಎದ್ದು ನಿಂತಿದ್ದು ಹೇಗೆ? ಸುಮಾರು 250 ಕೋಟಿ ವರ್ಷದ ಹಿಂದೆ ಈ ನೆಲದ ತುಂಡುಗಳು ಒಂದಕ್ಕೊಂದು ಒತ್ತಿದವು. ನಡುವೆ ಸಿಕ್ಕ ಸಮುದ್ರದ ಕೆಸರು, ಕಬ್ಬಿಣದ ಎಳೆ, ಜ್ವಾಲಾಮುಖಿಯ ಲಾವಾ ಎಲ್ಲ ಎರಡು ಅಂಗೈ ನಡುವೆ ಸಿಕ್ಕ ಬಟ್ಟೆಯ ಹಾಗೆ ಮಡಚಿ ಮೇಲೆದ್ದವು. ಬಿಸಿಗೆ, ಒತ್ತಡಕ್ಕೆ ಕಲ್ಲು ಸ್ವಲ್ಪ ಬದಲಾಯಿತು. ಹಸಿರು ಬಣ್ಣ ಬಂದಿದ್ದು ಆಗಲೇ. ಆ ಹೊತ್ತಿನ ಬಿಸಿನೀರು ಬಿರುಕುಗಳಲ್ಲಿ ಹರಿದು ಚಿನ್ನವನ್ನೂ ಬಿಟ್ಟು ಹೋಯಿತು. ಬ್ರಿಟಿಷರ ಕಾಲದಲ್ಲಿ ಕಬಲಾಯತಕಟ್ಟಿಯ ಹತ್ತಿರ ಗಣಿ ತೋಡಿದ್ದು ಅದಕ್ಕೇ.

ಸಂಜೆ ಡಂಬಳದಲ್ಲಿ ಕೆರೆ ನೋಡಿ ದೊಡ್ಡಬಸಪ್ಪ ಗುಡಿಗೆ ಹೋದೆವು. 24 ಮೂಲೆಯ ನಕ್ಷತ್ರದ ಗರ್ಭಗುಡಿ. ಗೋಡೆ ಮುಟ್ಟಿದರೆ ಸಾಬೂನಿನ ನುಣುಪು. ಬಾದಾಮಿ ಚಾಲುಕ್ಯರು ಮರಳುಗಲ್ಲು ಕಡಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಗದಗ, ಲಕ್ಕುಂಡಿ, ಡಂಬಳಗಳಲ್ಲಿ ಈ ಮೆತ್ತಗಿನ ಹಸಿರುಗಪ್ಪು ಕಲ್ಲು ಬಂತು. ಕಂಬಗಳ ಮೇಲೆ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದು ಕಲ್ಲಿನ ಗುಣದಿಂದಲೂ ಹೌದು. ಕಾಕಾ ಕಂಬಕ್ಕೆ ಕೈ ಒರಗಿಸಿ ಬಹಳ ಹೊತ್ತು ನಿಂತಿದ್ದರು.

ಸೋಮವಾರ

ಬಾಟಲಿಯ ನೀರು ರಾತ್ರಿ ತಿಳಿಯಾಗಿತ್ತು. ಬೆಳಿಗ್ಗೆ ಕಾರಿನ ಕುಲುಕಿಗೆ ಮತ್ತೆ ಕದಡಿತು. ಹುಡುಗಿಗೆ ಬೇಸರ.

ನರೇಗಲ್ ಮೇಲೆ ಗಜೇಂದ್ರಗಡ. ಕಪ್ಪು ಎರೆ ಹೊಲಗಳ ಆಚೆ ದೂರದಿಂದಲೇ ಗುಡ್ಡ ಕಾಣುತ್ತದೆ. ಆಕಾರವೇ ಬೇರೆ. ಕಪ್ಪತಗುಡ್ಡದ ಬೆನ್ನು ಉಬ್ಬು ತಗ್ಗು. ಇದರ ತಲೆ ಮೇಜಿನ ಹಾಗೆ ಸಪಾಟು, ಅಂಚು ಗೋಡೆಯ ಹಾಗೆ ನೇರ. ಈ ಕಲ್ಲು ಬಾದಾಮಿ ಕಡೆಯ ಮರಳುಗಲ್ಲಿನ ಬಳಗದ್ದು. ಫೂಟ್ ಇವಕ್ಕೆ ಕಲಾದಗಿ ಊರಿನ ಹೆಸರು ಕೊಟ್ಟಿದ್ದರು.

ಮೊದಲು ಕಾಲಕಾಲೇಶ್ವರಕ್ಕೆ ಹೋದೆವು. ಬಂಡೆಯ ಗೋಡೆಗೆ ಅಂಟಿಕೊಂಡ ಗುಡಿ, ಅಂತರಗಂಗೆ, ಬಂಡೆಯಿಂದ ಜಿನುಗುವ ನೀರು. ಕಾಕಾಗೆ ಇದು ತಮ್ಮ ಕೆಲಸದ ವಿಷಯ. "ಮಳಿ ನೀರು ಮ್ಯಾಲಿನ ಮರಳುಗಲ್ಲಿನ ಸೀಳಿನಾಗ ಇಳೀತೈತಿ. ನೀರು ಬಿಡದ ಪದರು ಸಿಕ್ಕಲ್ಲಿ ಅಡ್ಡ ಹರದು ಹೊರಗ ಬರ್ತೈತಿ" ಅಂದರು. ಎಷ್ಟೋ ಊರುಗಳ ಚಿಲುಮೆಗೆ ಇದೇ ಕಾರಣವಂತೆ.

ಆಮೇಲೆ ಕೋಟೆ ಗುಡ್ಡ ಹತ್ತಿದೆವು. ಮರಾಠರಿಗೂ ಟಿಪ್ಪು ಸುಲ್ತಾನನಿಗೂ 1787ರಲ್ಲಿ ಒಪ್ಪಂದ ಆಗಿದ್ದು ಈ ಊರಿನ ಹೆಸರಿನಲ್ಲೇ. ನಮ್ಮ ಕಣ್ಣು ಮಾತ್ರ ಕಲ್ಲಿನ ಮೇಲೆ. ಅರ್ಧ ಏರಿನಲ್ಲಿ ಹುಡುಗಿ ನಿಂತಳು. ಮೊಬೈಲ್ ತೆಗೆದು ಶನಿವಾರದ ಫೋಟೋ ತೋರಿಸಿದಳು. ಎದುರಿನ ಬಂಡೆಯ ಮೇಲೆ ಅದೇ ಅಲೆ ಗುರುತು. ಗುಲಾಬಿ ಬಣ್ಣದ ಮರಳುಗಲ್ಲಿನಲ್ಲಿ ಒಂದರ ಪಕ್ಕ ಒಂದು ಏಣು, ಎರಡರ ನಡುವೆ ಅವಳ ಎರಡು ಬೆರಳಿನ ಅಂತರ. ಒಂದು ಕಡೆ ನಿಧಾನ ಇಳಿಜಾರು, ಇನ್ನೊಂದು ಕಡೆ ಕಡಿದು. ಅವಳು ಅಂಗೈ ಇಟ್ಟು ಸವರಿ, "ನೀರು ಈ ಕಡೆಯಿಂದ ಆ ಕಡೆ ಹೋಗೇತಿ" ಅಂದಳು. ಕಾಕಾ ಏನೂ ಹೇಳಲಿಲ್ಲ, ಅವಳ ತಲೆ ಸವರಿದರು.

ಇನ್ನೂ ಮೇಲೆ ಗೋಡೆಯಂಥ ಅಂಚಿನಲ್ಲಿ ಓರೆ ಪದರು ಕಂಡವು. ದೊಡ್ಡ ಪದರುಗಳು ಮಲಗಿವೆ, ಅವುಗಳ ಒಳಗಿನ ಸಣ್ಣ ಗೆರೆಗಳು ಓರೆ. ಮರಳಿನ ದಿಬ್ಬ ನೀರಿನ ಜೊತೆ ಮುಂದೆ ಸರಿಯುವಾಗ ಮುಂದಿನ ಇಳಿಜಾರಿನಲ್ಲಿ ಮರಳು ಉರುಳಿ ಉರುಳಿ ಬಿದ್ದ ಗುರುತು. ಗೆರೆಗಳು ಕೆಳಗೆ ಮೆಲ್ಲಗೆ ಬಾಗಿ ತಳ ಸೇರುತ್ತವೆ, ಮೇಲೆ ಕತ್ತರಿಸಿದಂತೆ ನಿಂತುಬಿಡುತ್ತವೆ. ಇದರಿಂದಲೂ ಕಲ್ಲಿನ ತಲೆ-ಕಾಲು ಹೇಳಬಹುದು. ಇದು ಆಳ ಸಮುದ್ರ ಅಲ್ಲ. ಹರಿಯುವ, ಮೊಣಕಾಲುದ್ದದ ನೀರು. ಅಗಲವಾದ ಹೊಳೆ, ನೂರಾರು ಸೀಳಾಗಿ, ದಿನಕ್ಕೊಂದು ದಾರಿ ಹಿಡಿಯುವ ಹೊಳೆ. ಯಾಕಂದರೆ ಆಗ ದಂಡೆಯಲ್ಲಿ ಒಂದು ಗಿಡ ಇಲ್ಲ, ಒಂದು ಹುಲ್ಲುಕಡ್ಡಿ ಇಲ್ಲ. ನೆಲದ ಮೇಲೆ ಗಿಡ ಬಂದಿದ್ದು 50 ಕೋಟಿ ವರ್ಷದ ಈಚೆಗೆ, ಈ ಮರಳು ಅದಕ್ಕಿಂತ ಎಷ್ಟೋ ಹಳೆಯದು. ಮಣ್ಣು ಹಿಡಿದಿಡುವ ಬೇರೇ ಇಲ್ಲದಾಗ ಹೊಳೆಗೆ ದಂಡೆ ಎಲ್ಲಿಯದು?

ಕೋನಮಾಪಕ ಇಟ್ಟರೆ ದಾರ 90ನ್ನು ಬಿಟ್ಟು ಕದಲಲಿಲ್ಲ. ಇನ್ನೊಂದು ಕಡೆ 3. ಹುಡುಗಿ ನೋಟ್‌ಬುಕ್ಕಿನಲ್ಲಿ 72ರ ಕೆಳಗೆ, 68ರ ಕೆಳಗೆ, ದೊಡ್ಡದಾಗಿ ಸೊನ್ನೆ ಬರೆದಳು.

ಅಲ್ಲೇ ನೆರಳಿನಲ್ಲಿ ಕೂತು ಮೂರೂ ದಿನದ ಅಂಕಿ ಜೋಡಿಸಿದೆವು. ಈ ಮರಳು ಬೀಳುವ ಹೊತ್ತಿಗೆ ರಾಣೆಬೆನ್ನೂರಿನ, ಕಪ್ಪತಗುಡ್ಡದ ಪದರು ಆಗಲೇ ಎದ್ದು ನಿಂತಾಗಿತ್ತು. ಎದ್ದಿದ್ದಷ್ಟೇ ಅಲ್ಲ, ಆ ಬೆಟ್ಟಗಳು ಮಳೆ ಗಾಳಿಗೆ ಸವೆದು, ಕೆಳಗಿನ ಹಳೆಯ ಬುನಾದಿ ಕಲ್ಲು ಹೊರಗೆ ಬಂದು, ನೆಲ ಸಪಾಟಾಗಿತ್ತು. ಆ ಸಪಾಟಿನ ಮೇಲೆ ಈ ಹೊಳೆ ಹರಿಯಿತು. ಹಳೆಯ ಬುನಾದಿಗೂ ಮರಳುಗಲ್ಲಿಗೂ ನಡುವೆ ನೂರು ಕೋಟಿ ವರ್ಷಕ್ಕೂ ಜಾಸ್ತಿ ಕಾಲ ಕಾಣೆಯಾಗಿದೆ. ಅಷ್ಟು ಕಾಲದ ಒಂದು ಪದರೂ ಇಲ್ಲಿ ಇಲ್ಲ. ಇದ್ದದ್ದೆಲ್ಲ ತೊಳೆದು ಹೋಗಿದೆ. ಸ್ಕಾಟ್ಲೆಂಡಿನ ಕಡಲ ದಡದಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ಹಳೆಯ ಕಲ್ಲಿಗೂ ಹೊಸ ಕಲ್ಲಿಗೂ ನಡುವಿನ ಇಂಥದೇ ಒಂದು ಗೆರೆ ನೋಡಿ, ಭೂಮಿ ಲೆಕ್ಕಕ್ಕೆ ಸಿಗದಷ್ಟು ಹಳೆಯದು ಅಂತ ಕಂಡುಕೊಂಡಿದ್ದನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ನನ್ನ ಜಿಲ್ಲೆಯ ಪಕ್ಕದಲ್ಲೇ ಹಾಗೆ ಇದೆ ಅಂತ ಹೇಳಿರಲಿಲ್ಲ.

ಆ ಗೆರೆಯನ್ನು ಕಣ್ಣಾರೆ ನೋಡಬೇಕು ಅಂತ ಇಳಿಯುವಾಗ ಬುಡದಲ್ಲಿ ಎರಡು ಗಂಟೆ ಹುಡುಕಿದೆವು. ಸಿಗಲಿಲ್ಲ. ಮೇಲಿನಿಂದ ಉರುಳಿದ ಬಂಡೆಗಳು, ಜಾಲಿ ಮುಳ್ಳು ಎಲ್ಲ ಮುಚ್ಚಿದ್ದವು. ಒಂದು ಬಂಡೆಯಲ್ಲಿ ಮಾತ್ರ ಲಿಂಬೆಹಣ್ಣಿನಷ್ಟು ದುಂಡನೆಯ ಬಿಳಿ ಕಲ್ಲುಗಳು ಮರಳಿನಲ್ಲಿ ಹೂತಿದ್ದವು. ಹಳೆಯ ಬೆಟ್ಟದ ಚೂರುಗಳು ಹೊಳೆಯಲ್ಲಿ ಉರುಳಿ ದುಂಡಾಗಿದ್ದು. ಕಾಕಾ ಅದರ ಮೇಲೆ ಕೂತು ನೀರು ಕುಡಿದರು.

ಇನ್ನೊಂದು ಪ್ರಶ್ನೆ ಹುಡುಗಿಯದು. "ಅಜ್ಜಾ, ಹೊಳಿ ತಗ್ಗಿನಾಗ ಹರೀತೈತಿ. ಇದು ಇಷ್ಟು ಎತ್ತರದಾಗ ಯಾಕೈತಿ?" ಇದಕ್ಕೆ ಉತ್ತರ ಎರಡು. ಸುತ್ತಲಿನ ನೆಲ ಸವೆದು ಕೆಳಗಿಳಿದಿದೆ, ಗಟ್ಟಿ ಮರಳುಗಲ್ಲು ಉಳಿದಿದೆ. ಅದು ಒಂದು. ಇಡೀ ನಾಡೇ ಮೇಲೆದ್ದಿದೆ, ಅದು ಎರಡು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಬೇರೆಯಾಯಿತು. ಹರಿದ ಅಂಚು ಮೇಲೆದ್ದು, ನೆಲ ಪೂರ್ವಕ್ಕೆ ವಾಲಿತು. ಅರಬ್ಬಿ ಸಮುದ್ರ ಪಕ್ಕದಲ್ಲೇ ಇದ್ದರೂ ತುಂಗಭದ್ರೆ, ಮಲಪ್ರಭೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೋಗುವುದು ಆ ವಾಲಿನಿಂದ. ಮೊದಲ ಸಲದ ಏಳುವಿಕೆ ಪದರುಗಳನ್ನು ಮಡಚಿ ನಿಲ್ಲಿಸಿತ್ತು. ಈ ಸಲ ತುಂಬಿದ ಹರಿವಾಣ ಎತ್ತುವ ಹಾಗೆ, ಮೇಲಿದ್ದದ್ದು ಚೆಲ್ಲದಂತೆ ಎತ್ತಿತು. ಗಜೇಂದ್ರಗಡದ ಸೊನ್ನೆ ಡಿಗ್ರಿ ಹೇಳುವುದು ಇದನ್ನೇ.

ಹುಬ್ಬಳ್ಳಿಯಲ್ಲಿ ಹುಡುಗಿಯನ್ನು, ಅವಳ ಬಾಟಲಿಯನ್ನು ಇಳಿಸಿ ಧಾರವಾಡ ಮುಟ್ಟಿದಾಗ ಹತ್ತೂವರೆ.

ಗುರುವಾರ ಬೆಳಿಗ್ಗೆ ಅವಳ ಫೋನ್ ಬಂತು. ಬಾಟಲಿಯನ್ನು ಅಡುಗೆಮನೆಯ ಮಾಡದಲ್ಲಿ ಇಟ್ಟಿದ್ದಳಂತೆ, ಯಾರೂ ಮುಟ್ಟದ ಹಾಗೆ. ನೀರು ಪೂರ್ತಿ ತಿಳಿಯಾಗಿದೆ. ಮೇಲಿನ ನುಣುಪಾದ ಪದರು ಸ್ಕೇಲಿನಲ್ಲಿ ಎರಡು ಮಿಲಿಮೀಟರ್ ಬಂತು.

"ಅತ್ತಿ, ಆ ಹಳ್ಳದಾಗಿನ ಕಪ್ಪು ಪಟ್ಟಿ ನಾಲ್ಕು ಬೆರಳಿತ್ತು. ಅಷ್ಟಾಗಾಕ ಎಷ್ಟು ದಿನ ಬೇಕು?"

ಕೆಸರು ಕಲ್ಲಾಗುವಾಗ ಒತ್ತಿ ತೆಳ್ಳಗಾಗುತ್ತದೆ, ಹಾಗಾಗಿ ಮೊದಲು ಅದು ಇನ್ನೂ ದಪ್ಪ ಇದ್ದಿರಬೇಕು ಅಂತ ಅರ್ಧ ಹೇಳಿದೆ. ಅಷ್ಟರಲ್ಲಿ ಕಾಕಾ ಕೈ ಚಾಚಿದರು. ಫೋನ್ ಕೊಟ್ಟೆ. "ನೋಟ್‌ಬುಕ್ ತಗೋ, ಲೆಕ್ಕ ಬರಕೋ" ಅನ್ನುತ್ತ ಅವರು ಪಡಸಾಲೆಗೆ ನಡೆದರು.